ಮ್ಯಾಂಟಿಸ್ ಸಿಗಡಿ ಹೊರಗೆ ಬರ್ತಿಲ್ಲ, ತಿಂತಿಲ್ಲ, ಬಿದ್ಕೊಂಡಿದೆ: ಕರಾವಳಿ ಮನೆಯ ಟ್ಯಾಂಕಿಗೆ ದೋಷ ನಿವಾರಣೆ ಕೈಪಿಡಿ

ಮಳೆಗಾಲ ಹಿಡಿದ ಮೇಲೆ ಮ್ಯಾಂಟಿಸ್ (ಬಿಲದಲ್ಲಿ ಬದುಕುವ, ಸಿಗಡಿಯಂಥ ಸಮುದ್ರ ಪ್ರಾಣಿ) ಸಾಕುವವರಿಂದ ಒಂದೇ ಥರದ ಪ್ರಶ್ನೆಗಳು ಬರುತ್ತವೆ. ಬಿಲ ಮುಚ್ಚಿಕೊಂಡಿದೆ, ಊಟ ಬಿಟ್ಟಿದೆ, ಮಗುಚಿ ಬಿದ್ದಿದೆ, ಏನು ಔಷಧಿ ಹಾಕಲಿ? ಹೆಚ್ಚಿನ ಸಲ ಉತ್ತರ ಔಷಧಿಯಲ್ಲಿ ಇರುವುದಿಲ್ಲ, ನೀರಿನಲ್ಲಿ ಇರುತ್ತದೆ. ಕಾರವಾರ, ಅಂಕೋಲಾ, ಕುಮಟಾ ಕಡೆಯವರಿಗೆ ಸಮುದ್ರ ಮನೆ ಬಾಗಿಲಲ್ಲೇ ಇದೆ. ಒಂದು ಕೊಡ ತಂದು ಸುರಿದರಾಯ್ತು ಅನ್ನುವ ಧೈರ್ಯ ಬರುವುದೇ ಅಲ್ಲಿಂದ. ಅರ್ಧ ತೊಂದರೆ ಆ ಕೊಡದಿಂದ ಬರುತ್ತದೆ. ಉಳಿದರ್ಧ ಬರುವುದು ಪ್ರಾಣಿ ಸುಮ್ನೆ ಕೂತಿರುವಾಗ ನಾವು ಸುಮ್ನಿರದೆ ಕೈ ಹಾಕುವುದರಿಂದ.

ಹಾಗಾಗಿ ಇಲ್ಲಿನ ಕ್ರಮ ಹೀಗೆ: ಮೊದಲು ಕಣ್ಣಲ್ಲಿ ನೋಡುವುದು, ಆಮೇಲೆ ನೀರು ಅಳೆಯುವುದು, ಆಮೇಲೆ ನೀರು ಬದಲಿಸುವುದು. ಪ್ರಾಣಿಯನ್ನು ಜಾಗ ಬದಲಿಸುವುದು ಕೊನೆಗೆ.

ಹತ್ತಿರ ಇಟ್ಟುಕೊಳ್ಳಬೇಕಾದದ್ದು ಜಾಸ್ತಿ ಇಲ್ಲ. ಉಪ್ಪಿನಂಶ ನೋಡುವ ರಿಫ್ರಾಕ್ಟೋಮೀಟರ್, ಥರ್ಮಾಮೀಟರ್, ಉಪ್ಪು ನೀರಿಗೆಂದೇ ಮಾಡಿದ ಅಮೋನಿಯಾ, ನೈಟ್ರೈಟ್, ನೈಟ್ರೇಟ್ ಟೆಸ್ಟ್ ಕಿಟ್, ಬೆಳಕು ಮಂದವಾಗಲು ಜಿಲೇಟಿನ್ ಕಾಗದ ಸುತ್ತಿದ ಟಾರ್ಚ್. ಜೊತೆಗೆ ಮೊದಲೇ ಕಲಸಿಟ್ಟ ಉಪ್ಪು ನೀರು ಒಂದು ಡ್ರಮ್ ಯಾವಾಗಲೂ ಸಿದ್ಧ ಇರಲಿ. ಇರಬೇಕಾದ ಅಳತೆ: ಉಪ್ಪಿನಂಶ 33–35 ಪಿಪಿಟಿ (ಸಾವಿರಕ್ಕೆ ಇಷ್ಟು ಭಾಗ), ಅಂದರೆ ಸಾಪೇಕ್ಷ ಸಾಂದ್ರತೆ ಸುಮಾರು 1.024–1.026. ಉಷ್ಣತೆ 24–27 ಡಿಗ್ರಿ. ಪಿಎಚ್ 8.1–8.4. ಅಮೋನಿಯಾ ಮತ್ತು ನೈಟ್ರೈಟ್ ಸೊನ್ನೆ. ನೈಟ್ರೇಟ್ 20 ಪಿಪಿಎಂ (ಹತ್ತು ಲಕ್ಷಕ್ಕೆ 20 ಭಾಗ) ಒಳಗಿದ್ದರೆ ಒಳ್ಳೆಯದು.

ಮ್ಯಾಂಟಿಸ್‌ನಲ್ಲಿ ಎರಡು ಬಗೆ. ಗಟ್ಟಿ ಗಂಟಿರುವ ಕೈಯಿಂದ ಗುದ್ದಿ ಚಿಪ್ಪು ಒಡೆಯುವವು ಒಂದು. ಮುಳ್ಳು ಸಾಲಿನ ಕೈಯಿಂದ ಮೀನು, ಶೆಟ್ಲಿ (ಸಿಗಡಿ) ಚುಚ್ಚಿ ಹಿಡಿಯುವವು ಇನ್ನೊಂದು. ಅಂಗಡಿಯಲ್ಲಿ ಪೀಕಾಕ್ ಮ್ಯಾಂಟಿಸ್ ಅಂತ ಮಾರುವ ಬಣ್ಣದ ಜಾತಿ, ಒಡಾಂಟೊಡ್ಯಾಕ್ಟಿಲಸ್ ಸಿಲ್ಲಾರಸ್, ಗುದ್ದುವ ಬಗೆಯದು. 18 ಸೆಂಟಿಮೀಟರ್ ತನಕ ಬೆಳೆಯುತ್ತದೆ. ಮುಂದೆ ಬೇರೆ ಹೇಳದಿದ್ದರೆ ಮಾತು ಇದರ ಬಗ್ಗೆಯೇ ಅಂತ ತಿಳಿಯಿರಿ.

ಯಾವ ಪರೀಕ್ಷೆಗೂ ಮೊದಲು: ಟ್ಯಾಂಕಿನೊಳಗೆ ಕೈ ಹಾಕುವುದಿದ್ದರೆ ಹೀಟರ್, ಪಂಪ್, ಲೈಟ್ ಎಲ್ಲದರ ಪ್ಲಗ್ ಕಿತ್ತು ಹಾಕಿ. ಸ್ವಿಚ್ ಆರಿಸಿದರೆ ಸಾಲದು. ಬರಿಗೈ ಬೇಡ, ಉದ್ದದ ಚಿಮಟ ಬಳಸಿ.

ಬಿಲದ ಬಾಯಿ ಮುಚ್ಚಿಕೊಂಡಿದೆ, ತಿನ್ನುತ್ತಿಲ್ಲ

ಜನ ಅತಿ ಹೆಚ್ಚು ಗಾಬರಿಯಾಗುವುದು ಇದಕ್ಕೆ. ಗಾಬರಿಗೆ ಅತಿ ಕಡಿಮೆ ಕಾರಣ ಇರುವುದೂ ಇದರಲ್ಲೇ.

ಮೊದಲು ಹೊತ್ತು ನೋಡಿ. ಹಗಲು ಓಡಾಡುವ ಜಾತಿಗಳು ಸಂಜೆ ಕತ್ತಲಾಗುತ್ತಿದ್ದಂತೆ ಕಲ್ಲುಚೂರು ಎಳೆದು ಬಾಗಿಲು ಹಾಕಿಕೊಂಡು ಮಲಗುತ್ತವೆ. ಬೆಳಗ್ಗೆ ತೆರೆದರೆ ಅಲ್ಲಿಗೆ ಕತೆ ಮುಗಿಯಿತು. ಬೆಳಗ್ಗೆಯೂ ತೆರೆಯದಿದ್ದರೆ, ಎರಡು ಮೂರು ದಿನ ಹಾಗೇ ಇದ್ದರೆ, ಪೊರೆ ಬಿಡುವ ತಯಾರಿ ಇರಬೇಕು ಅಂತ ಇಟ್ಟುಕೊಳ್ಳಿ. ಪೊರೆ ಬಿಡುವ ಮೊದಲು ಅದು ಊಟ ಬಿಡುತ್ತದೆ, ಬಣ್ಣ ಮಂಕಾಗುತ್ತದೆ, ಕೆಲವೊಮ್ಮೆ ಕಣ್ಣು ಮಸುಕಾಗಿ ಕಾಣುತ್ತದೆ, ಗುದ್ದುವ ಸದ್ದು ನಿಲ್ಲುತ್ತದೆ. ಹೊಸ ಚಿಪ್ಪು ಗಟ್ಟಿಯಾಗುವ ತನಕ ಅದರ ಕೈಗೆ ಬಲ ಇರುವುದಿಲ್ಲ. ಹೊಡೆದರೆ ತನ್ನ ಕೈಯನ್ನೇ ಮುರಿದುಕೊಳ್ಳುತ್ತದೆ. ಅದಕ್ಕೇ ಬಾಗಿಲು ಹಾಕಿಕೊಂಡು ಕೂರುವುದು. ಈ ಅಜ್ಞಾತವಾಸ ಕೆಲವು ದಿನವೂ ಆಗಬಹುದು, ದೊಡ್ಡ ಪ್ರಾಣಿಯಾದರೆ ಎರಡು ಮೂರು ವಾರವೂ ಆಗಬಹುದು.

ಈಗ ನೀವು ಮಾಡಬೇಕಾದ್ದು: ನೀರು ಅಳೆಯಿರಿ. ಸರಿ ಇದ್ದರೆ ಸುಮ್ನೆ ಬಿಡಿ. ಕಲ್ಲು ಎತ್ತಿ ನೋಡಬೇಡಿ, ಬಿಲಕ್ಕೆ ಅಂತ ಇಟ್ಟ ಪೈಪ್ ಅಲುಗಿಸಬೇಡಿ, ಬಿಲದೊಳಗೆ ಊಟ ತುರುಕಬೇಡಿ. ತುರುಕಿದ ಶೆಟ್ಲಿ ಒಳಗೇ ಕೊಳೆತು ಅಮೋನಿಯಾ ಆಗುತ್ತದೆ. ಗಾಳಿಯಾಡದ ಆ ಕೊಳವೆಯಲ್ಲಿ ಮೆತ್ತಗಿನ ಪ್ರಾಣಿಯೂ ಅದೂ ಒಟ್ಟಿಗೆ ಇರಬೇಕಾಗುತ್ತದೆ.

ಹೆಣ್ಣಾಗಿದ್ದರೆ ಇನ್ನೊಂದು ಕಾರಣ ಉಂಟು. ಮೊಟ್ಟೆಯ ಮುದ್ದೆಯನ್ನು ಮುಂದಿನ ಕಾಲುಗಳಲ್ಲಿ ಹಿಡಿದುಕೊಂಡು ತಿರುವುತ್ತಾ ಕೂತಿರುತ್ತದೆ. ಆಗ ತಿನ್ನಲು ಅದಕ್ಕೆ ಪುರುಸೊತ್ತಿಲ್ಲ. ಗಂಡಿನ ಸಂಗ ಇಲ್ಲದೆಯೂ ಮೊಟ್ಟೆ ಇಡಬಹುದು. ಅದನ್ನೂ ಹಾಗೇ ಬಿಡಬೇಕು.

ಬಾಗಿಲು ತೆರೆದೇ ಇದೆ, ಓಡಾಡುತ್ತಲೂ ಇದೆ, ಆದರೆ ತಿನ್ನುತ್ತಿಲ್ಲ ಅಂದರೆ ಊಟವನ್ನೇ ನೋಡಿ. ದಿನಾ ಐಸಿನ ಶೆಟ್ಲಿ ಹಾಕುತ್ತಿದ್ದರೆ ಬೇಸರ ಬಂದಿರಬಹುದು. ಗುದ್ದುವ ಪ್ರಾಣಿಗೆ ಗುದ್ದಲು ಏನಾದರೂ ಬೇಕು, ಅಲ್ವಾ? ಚಿಪ್ಪಿನ ಸಮೇತ ಬಳಚು (ಕಪ್ಪೆಚಿಪ್ಪಿನ ಪ್ರಾಣಿ), ಸಣ್ಣ ಸಮುದ್ರ ಏಡಿ, ಸಮುದ್ರದ ಬಸವನಹುಳು ಕೊಟ್ಟು ನೋಡಿ. ಗದ್ದೆ ಏಡಿ ಬೇಡ. ಸಿಹಿನೀರಿನ ಪ್ರಾಣಿ ಉಪ್ಪು ನೀರಲ್ಲಿ ಬೇಗ ಸತ್ತು ನೀರು ಕೆಡಿಸುತ್ತದೆ, ಗದ್ದೆಗೆ ಹೊಡೆದ ಕೀಟನಾಶಕದ ಅಂಶವೂ ಬರಬಹುದು. ಪ್ಯಾಕೆಟ್‌ನಲ್ಲಿ ಬರುವ ಶೆಟ್ಲಿಗೆ ಕಪ್ಪಾಗದಂತೆ ಸಲ್ಫೈಟ್ ಹಾಕಿರುವುದುಂಟು. ತಾಜಾ ತಂದು ತೊಳೆದು ನೀವೇ ಫ್ರೀಜರಿಗೆ ಹಾಕುವುದು ಮೇಲು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳು ಇಳಿಯುವುದಿಲ್ಲ, ಮೇ ಕೊನೆಗೇ ಸಣ್ಣ ಸಣ್ಣ ಪೊಟ್ಟಣ ಕಟ್ಟಿಟ್ಟುಕೊಳ್ಳಿ.

ಕಾಯುವುದಕ್ಕೂ ಒಂದು ಮಿತಿ ಇದೆ. ಬಿಲದಿಂದ ಕೊಳೆತ ವಾಸನೆ ಬಂದರೆ, ಅಮೋನಿಯಾ ಇದ್ದಕ್ಕಿದ್ದಂತೆ ಏರಿದರೆ, ಆಗ ಮಾತ್ರ ಬಿಲ ತೆರೆಯಿರಿ.

ತಳದಲ್ಲಿ ದೇಹ ಬಿದ್ದಿದೆ

ಸತ್ತಿತು ಅಂತ ಎತ್ತಿ ಬಿಸಾಡುವ ಮೊದಲು ಒಂದು ನಿಮಿಷ. ಟಾರ್ಚ್ ಹಾಕಿ ನೋಡಿ. ಬಿಟ್ಟ ಪೊರೆ ಪಾರದರ್ಶಕವಾಗಿ, ಟೊಳ್ಳಾಗಿ, ಬೆನ್ನಿನ ಕಡೆ ಸೀಳಿರುತ್ತದೆ. ಕಣ್ಣಿನ ಜಾಗದಲ್ಲಿ ಬರಿ ಗಾಜಿನಂಥ ಟೋಪಿ. ಅಲುಗಾಡಿಸಿದರೆ ನೀರಿನ ಹರಿವಿಗೆ ತೇಲುತ್ತದೆ. ಸತ್ತ ಪ್ರಾಣಿ ಬೇಯಿಸಿದ ಶೆಟ್ಲಿಯ ಹಾಗೆ ಕೆಂಪು-ಬಿಳಿ ತಿರುಗಿ, ಒಳಗೆ ಮಾಂಸ ತುಂಬಿ ಭಾರವಾಗಿರುತ್ತದೆ, ನಾರುತ್ತದೆ.

ಎರಡೂ ಅಲ್ಲ, ಅಲುಗಾಡದೆ ಬಿದ್ದಿದೆ ಅನ್ನಿಸಿದರೆ ಹೊಟ್ಟೆಯ ಅಡಿ ನೋಡಿ. ಮ್ಯಾಂಟಿಸ್‌ನ ಕಿವಿರು ಇರುವುದು ಅಲ್ಲಿನ ಈಜುಗಾಲುಗಳಲ್ಲಿ. ಜೀವ ಇದ್ದರೆ ಅವು ಬಡಿಯುತ್ತಲೇ ಇರುತ್ತವೆ. ಕಾಂಡದ ಮೇಲಿನ ಕಣ್ಣುಗಳೂ ಒಂದೊಂದು ಒಂದೊಂದು ಕಡೆ ತಿರುಗುತ್ತಿರುತ್ತವೆ. ಈಜುಗಾಲು ನಿಂತು, ಕಣ್ಣು ಇಳಿಬಿದ್ದಿದ್ದರೆ ಮಾತ್ರ ಸತ್ತಿದೆ ಅನ್ನಿ.

ಪೊರೆಯಾಗಿದ್ದರೆ ಅಲ್ಲೇ ಬಿಟ್ಟರೂ ತೊಂದರೆ ಇಲ್ಲ. ಕೆಲವು ಅದನ್ನೇ ತಿನ್ನುತ್ತವೆ.

ಬಿಲ ಬಿಟ್ಟು ಬಯಲಲ್ಲಿ ಬಿದ್ದಿದೆ, ಈಜುಗಾಲು ಜೋರಾಗಿ ಬಡಿಯುತ್ತಿದೆ

ಇದು ನಿಜವಾದ ಅಪಾಯದ ಲಕ್ಷಣ. ಬಿಲವನ್ನೇ ನಂಬಿ ಬದುಕುವ ಪ್ರಾಣಿ ಬಿಲ ಬಿಟ್ಟು ಬಂದಿದೆ ಅಂದರೆ ಉಸಿರು ಕಟ್ಟುತ್ತಿದೆ ಅಂತ ಅರ್ಥ. ನಾಳೆ ನೋಡೋಣ ಅನ್ನುವಂತಿಲ್ಲ.

ಪುಕ್ಕಟೆಯ ಪರೀಕ್ಷೆ ಮೊದಲು: ಪಂಪ್ ಓಡುತ್ತಿದೆಯಾ? ಗಾಳಿಯ ಪೈಪ್ ಕಳಚಿದೆಯಾ? ರಾತ್ರಿ ಕರೆಂಟ್ ಹೋಗಿತ್ತಾ? ನಮ್ಮ ಕಡೆ ಆಷಾಢದ ಗಾಳಿಗೆ ಲೈನ್ ಮೇಲೆ ಮರ ಬಿದ್ದರೆ ಕರೆಂಟ್ ಯಾವಾಗ ಬರುತ್ತದೆ ಅಂತ ಹೇಳಲಾಗುವುದಿಲ್ಲ. ಬ್ಯಾಟರಿಯ ಏರ್ ಪಂಪ್ ಒಂದು ಇಟ್ಟುಕೊಳ್ಳಿ. ಈ ಊರಲ್ಲಿ ಅದು ಫಿಲ್ಟರಿನಷ್ಟೇ ಮುಖ್ಯ ಅಂತ ನನ್ನ ಅಭಿಪ್ರಾಯ. ಇಲ್ಲದಿದ್ದರೆ ಚೊಂಬಿನಲ್ಲಿ ನೀರು ಮೊಗೆದು ಎತ್ತರದಿಂದ ಸುರಿಯುತ್ತಾ ಇರಿ. ಕರೆಂಟ್ ತುಂಬಾ ಹೊತ್ತು ಹೋಗಿದ್ದರೆ ಮುಚ್ಚಿದ ಡಬ್ಬಿಯ ಫಿಲ್ಟರಿನಲ್ಲಿ ನಿಂತ ನೀರು ಕೆಟ್ಟಿರುತ್ತದೆ. ಕರೆಂಟ್ ಬಂದಕೂಡಲೇ ಆ ನೀರು ಟ್ಯಾಂಕಿಗೆ ಹೋಗದಂತೆ, ಚೆಲ್ಲಿ ತೊಳೆದು ಮತ್ತೆ ಹಾಕಿ.

ಎರಡನೆಯದು ಉಷ್ಣತೆ. ಏಪ್ರಿಲ್-ಮೇ ತಿಂಗಳ ಕಾರವಾರದಲ್ಲಿ ಮುಚ್ಚಿದ ಕೋಣೆಯ ಟ್ಯಾಂಕು 30 ಡಿಗ್ರಿ ದಾಟುವುದು ಸುಲಭ. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗುವ ಆಮ್ಲಜನಕ ಕಡಿಮೆ, ಪ್ರಾಣಿಗೆ ಬೇಕಾಗುವುದು ಜಾಸ್ತಿ. ಮುಚ್ಚಳದ ಜಾಗದಲ್ಲಿ ಭದ್ರವಾದ ಜಾಲರಿ ಹಾಕಿ, ನೀರಿನ ಮೇಲೆ ಬೀಸುವಂತೆ ಸಣ್ಣ ಫ್ಯಾನ್ ಇಡಿ. ಐಸನ್ನು ನೇರವಾಗಿ ಹಾಕಬೇಡಿ. ಬಾಟಲಿಯಲ್ಲಿ ನೀರು ಹೆಪ್ಪುಗಟ್ಟಿಸಿ ತೇಲಿಬಿಡಿ, ಒಂದು ಗಂಟೆಗೆ ಒಂದೆರಡು ಡಿಗ್ರಿಗಿಂತ ಜಾಸ್ತಿ ಇಳಿಸಬೇಡಿ. ಘಟ್ಟದ ಮೇಲಿನ ಶಿರಸಿಯಲ್ಲಿ ಕತೆ ತಿರುಗುಮುರುಗು. ಅಲ್ಲಿ ಚಳಿಗಾಲದ ರಾತ್ರಿಗೆ ಹೀಟರ್ ಬೇಕು.

ಫ್ಯಾನ್ ಹಾಕಿದ ಮೇಲೆ ನೀರು ಆರುತ್ತದೆ, ಉಪ್ಪು ಉಳಿಯುತ್ತದೆ. 100 ಲೀಟರ್ ಟ್ಯಾಂಕಿನಲ್ಲಿ 5 ಲೀಟರ್ ಆರಿದರೆ 35 ಇದ್ದ ಉಪ್ಪಿನಂಶ ಹತ್ತಿರ ಹತ್ತಿರ 37ಕ್ಕೆ ಏರುತ್ತದೆ. ಅದರ ಮೇಲೆ ಮತ್ತೆ ಸಮುದ್ರದ ನೀರನ್ನೇ ಸುರಿದರೆ ಇನ್ನೂ ಏರುತ್ತದೆ. ಆರಿದ್ದಕ್ಕೆ ತುಂಬಬೇಕಾದ್ದು ಸಿಹಿನೀರು, ಆರ್‌ಓ ನೀರಾದರೆ ಒಳ್ಳೆಯದು. ನಲ್ಲಿ ನೀರಾದರೆ ಕ್ಲೋರಿನ್ ಹೋಗಿರಬೇಕು.

ಮೂರನೆಯದು ಉಪ್ಪಿನಂಶ. ಮಳೆಗಾಲದ ಸಾವುಗಳ ಹಿಂದೆ ನಾನು ಮೊದಲು ಹುಡುಕುವುದು ಇದನ್ನೇ. ನಮ್ಮ ಉತ್ತರ ಕನ್ನಡ ಜಿಲ್ಲೆಯ ಕರಾವಳಿಗೆ ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ನಾಲ್ಕೂ ಘಟ್ಟದ ಮಳೆ ಹೊತ್ತು ತರುತ್ತವೆ. ಜೂನ್‌ನಿಂದ ಸೆಪ್ಟೆಂಬರ್ ತನಕ ದಡದ ಹತ್ತಿರದ ಮೇಲ್ಪದರದ ನೀರು ಕಣ್ಣಿಗೆ ಸಮುದ್ರವೇ, ಅಳತೆಗೆ ಅಲ್ಲ. ಸಿಹಿನೀರು ಹಗುರ, ಮೇಲೆ ತೇಲುತ್ತದೆ, ನೀವು ಕೊಡ ಅದ್ದುವುದೂ ಮೇಲಿನಿಂದಲೇ. ದೇವಬಾಗದ ಹತ್ತಿರ ಕಾಳಿ ಸೇರುವ ಕಡೆ, ತದಡಿಯಲ್ಲಿ ಅಘನಾಶಿನಿ ಸೇರುವ ಕಡೆ ಅಂತೂ ಬೇಡವೇ ಬೇಡ. ಮಳೆ ನಿಂತು ನೀರು ತಿಳಿಯಾದ ತಿಂಗಳುಗಳಲ್ಲಿ, ನದಿಮುಖದಿಂದ ದೂರ, ಉಬ್ಬರದ ಹೊತ್ತಿಗೆ ತಂದ ನೀರು ನಡೆಯುತ್ತದೆ. ಆಗಲೂ ಅಳೆದೇ ಹಾಕಿ. ಬಂದರಿನ ಒಳಗಿನ ನೀರಿನಲ್ಲಿ ಡೀಸೆಲ್ ಇರುತ್ತದೆ, ತರಬೇಡಿ. ಮಳೆಗಾಲಕ್ಕೆ ಅಕ್ವೇರಿಯಂ ಉಪ್ಪಿನ ಪುಡಿ ಕಲಸುವುದೇ ದಾರಿ. ಲೀಟರಿಗೆ ಸುಮಾರು 35–38 ಗ್ರಾಂ ಹಿಡಿಯುತ್ತದೆ. ಹಿಂದಿನ ದಿನವೇ ಕಲಸಿ ಗಾಳಿ ಬಿಟ್ಟಿಡಿ.

ಅಳತೆಯಲ್ಲಿ ಅನುಮಾನ ಬಂದರೆ ಉಪಕರಣವನ್ನೂ ಪರೀಕ್ಷಿಸಿ. ರಿಫ್ರಾಕ್ಟೋಮೀಟರಿಗೆ ಆರ್‌ಓ ನೀರು ಹಾಕಿದರೆ ಸೊನ್ನೆ ತೋರಿಸಬೇಕು. ಮುಳ್ಳು ತಿರುಗುವ ಪ್ಲಾಸ್ಟಿಕ್ ಹೈಡ್ರೋಮೀಟರಿನ ಮುಳ್ಳಿಗೆ ಗಾಳಿಗುಳ್ಳೆ ಅಂಟಿದರೆ ಉಪ್ಪು ಇದ್ದದ್ದಕ್ಕಿಂತ ಜಾಸ್ತಿ ತೋರಿಸುತ್ತದೆ. ತಟ್ಟಿ ಗುಳ್ಳೆ ಬಿಡಿಸಿ ಮತ್ತೆ ನೋಡಿ. ಉಪ್ಪು ಇಳಿದಿದ್ದರೆ ಒಮ್ಮೆಲೇ ಏರಿಸಬೇಡಿ, ಸ್ವಲ್ಪ ಸ್ವಲ್ಪವಾಗಿ ಒಂದೆರಡು ದಿನದಲ್ಲಿ ಸರಿಮಾಡಿ.

ಕೊನೆಗೆ ಅಮೋನಿಯಾ. ಹೊಸ ಟ್ಯಾಂಕಿನಲ್ಲಿ ಅಮೋನಿಯಾವನ್ನು ನೈಟ್ರೈಟಿಗೂ, ಅದನ್ನು ನೈಟ್ರೇಟಿಗೂ ತಿರುಗಿಸುವ ಬ್ಯಾಕ್ಟೀರಿಯಾ ಬೆಳೆಯಲು ನಾಲ್ಕರಿಂದ ಆರು ವಾರ ಬೇಕು. ಅದಕ್ಕೂ ಮೊದಲು ಪ್ರಾಣಿ ತಂದುಬಿಟ್ಟಿದ್ದರೆ ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಹಳೆಯ ಟ್ಯಾಂಕಾದರೆ ತಿನ್ನದೆ ಬಿಟ್ಟ ತುಂಡು ಎಲ್ಲೋ ಕೊಳೆಯುತ್ತಿದೆ. ಉಷ್ಣತೆಯೂ ಪಿಎಚ್ಚೂ ಏರಿದಷ್ಟು ಅದೇ ಅಮೋನಿಯಾ ಹೆಚ್ಚು ವಿಷವಾಗುತ್ತದೆ. ಉಪ್ಪು ನೀರಲ್ಲಿ ಅದಕ್ಕೇ ಸಲುಗೆ ಕಡಿಮೆ. ಕಾಲುಭಾಗದಿಂದ ಮೂರನೇ ಒಂದು ಭಾಗ ನೀರು ಬದಲಿಸಿ, ಊಟ ನಿಲ್ಲಿಸಿ, ಗಾಳಿ ಹೆಚ್ಚಿಸಿ, ಸಂಜೆಗೆ ಮತ್ತೆ ಅಳೆಯಿರಿ. ಬದಲಿಸುವ ನೀರಿನ ಉಪ್ಪೂ ಉಷ್ಣತೆಯೂ ಟ್ಯಾಂಕಿನದಕ್ಕೆ ಹೊಂದಿರಬೇಕು.

ಇದ್ದಕ್ಕಿದ್ದಂತೆ ನಡುಕ, ಒದ್ದಾಟ, ಮಗುಚಿ ತಿರುಗುವುದು

ನಿನ್ನೆ ಚೆನ್ನಾಗಿತ್ತು, ನೀರಿನ ಅಳತೆಯೂ ಸರಿ ಇದೆ. ಹಾಗಿದ್ದರೆ ಮೊದಲ ಅನುಮಾನ ವಿಷದ ಮೇಲೆ. ಕಳೆದ ಒಂದು ದಿನದಲ್ಲಿ ಮನೆಯಲ್ಲಿ ಏನಾಯ್ತು ಅಂತ ನೆನಪು ಮಾಡಿಕೊಳ್ಳಿ.

ಸೊಳ್ಳೆಬತ್ತಿ ಹಚ್ಚಿದಿರಾ? ಪ್ಲಗ್ಗಿಗೆ ಸಿಕ್ಕಿಸುವ ಸೊಳ್ಳೆ ಲಿಕ್ವಿಡ್? ಇರುವೆ, ಜಿರಳೆಗೆ ಸ್ಪ್ರೇ? ಇವುಗಳಲ್ಲಿ ಇರುವುದು ಹೆಚ್ಚಾಗಿ ಪೈರೆಥ್ರಾಯ್ಡ್ ಎಂಬ ಕೀಟನಾಶಕ. ಕೀಟಕ್ಕೆ ಏನು ಮಾಡುತ್ತದೋ ಶೆಟ್ಲಿ, ಏಡಿ, ಮ್ಯಾಂಟಿಸ್‌ಗೂ ಅದನ್ನೇ ಮಾಡುತ್ತದೆ. ಏರ್ ಪಂಪ್ ಕೋಣೆಯ ಗಾಳಿಯನ್ನು ಎಳೆದು ನೇರ ನೀರಿಗೇ ಬಿಡುತ್ತದೆ, ನೋಡಿ. ಟ್ಯಾಂಕಿರುವ ಕೋಣೆಯಲ್ಲಿ ಸೊಳ್ಳೆ ಪರದೆಯೇ ಸರಿ.

ಇನ್ನೊಂದು ತಾಮ್ರ. ಮೀನಿನ ಬಿಳಿಚುಕ್ಕೆ ರೋಗಕ್ಕೆ ಕೊಡುವ ಔಷಧಿಗಳಲ್ಲಿ ಕೆಲವು ತಾಮ್ರದವು. ಮೀನಿಗೆ ಔಷಧಿಯಾದ ಪ್ರಮಾಣ ಮ್ಯಾಂಟಿಸ್‌ಗೆ ಸಾವು. ಹಿಂದೊಮ್ಮೆ ತಾಮ್ರ ಹಾಕಿದ್ದ ಟ್ಯಾಂಕಿನ ಕಲ್ಲು, ಮರಳು ಅದನ್ನು ಹೀರಿಟ್ಟುಕೊಂಡು ನಿಧಾನಕ್ಕೆ ಬಿಡುತ್ತವೆ. ಹಾಗಾಗಿ ಸೆಕೆಂಡ್‌ಹ್ಯಾಂಡ್ ಟ್ಯಾಂಕ್ ಕೊಂಡರೆ ಕಲ್ಲು, ಮರಳು ಹೊಸದು ಹಾಕಿ. ಶಿರಸಿ, ಸಿದ್ದಾಪುರ, ಯಲ್ಲಾಪುರ ಕಡೆಯ ಅಡಿಕೆ ತೋಟದವರಿಗೆ ಒಂದು ಮಾತು ಬೇರೆಯೇ ಹೇಳಬೇಕು. ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ಅಂದರೆ ಮೈಲುತುತ್ತ (ತಾಮ್ರದ ಸಲ್ಫೇಟ್) ಮತ್ತು ಸುಣ್ಣ. ಶೇಕಡಾ 1ರ ದ್ರಾವಣಕ್ಕೆ 100 ಲೀಟರಿಗೆ 1 ಕಿಲೋ ಮೈಲುತುತ್ತ ಬೀಳುತ್ತದೆ. ಔಷಧಿ ಕಲಸಿದ ಡ್ರಮ್, ಬಕೆಟ್, ಕೋಲು ಎಷ್ಟು ತೊಳೆದರೂ ಟ್ಯಾಂಕಿನ ಕೆಲಸಕ್ಕೆ ಬೇಡ. ಔಷಧಿ ಹೊಡೆದು ಬಂದ ದಿನ ಸ್ನಾನ ಮಾಡಿದ ಮೇಲೂ ಬೇರೆಯವರ ಕೈಯಲ್ಲಿ ಊಟ ಹಾಕಿಸಿ. ಬಚ್ಚಲಿನ ತಾಮ್ರದ ಹಂಡೆಯಲ್ಲಿ ನಿಂತ ನೀರೂ ಅಷ್ಟೇ, ಟ್ಯಾಂಕಿಗೆ ಬರಬಾರದು.

ವಿಷದ ಅನುಮಾನ ಬಂದರೆ ನೀರನ್ನು ಸ್ವಲ್ಪ ಬದಲಿಸಿ ಪ್ರಯೋಜನ ಕಮ್ಮಿ. ಡ್ರಮ್ಮಿನಲ್ಲಿಟ್ಟ ಉಪ್ಪು ನೀರನ್ನು ಶುದ್ಧ ಪ್ಲಾಸ್ಟಿಕ್ ಟಬ್ಬಿಗೆ ಹಾಕಿ, ಕೀಟನಾಶಕ ಇಲ್ಲದ ಕೋಣೆಯಲ್ಲಿ ಗಾಳಿ ಬಿಟ್ಟು, ಪ್ರಾಣಿಯನ್ನು ಅಲ್ಲಿಗೆ ಸಾಗಿಸಿ. ಅದು ಕೂತಿರುವ ಪಿವಿಸಿ ಪೈಪಿನ ಎರಡೂ ಬಾಯಿಗೆ ಎಂಡ್ ಕ್ಯಾಪ್ ಮುಚ್ಚಿ ಪೈಪ್ ಸಮೇತ ಎತ್ತಿದರೆ ಇಬ್ಬರಿಗೂ ಕ್ಷೇಮ. ಅಂಗೈಯಿಂದ ಬಾಯಿ ಮುಚ್ಚಬೇಡಿ. ಟ್ಯಾಂಕಿಗೆ ಆ್ಯಕ್ಟಿವೇಟೆಡ್ ಕಾರ್ಬನ್ (ವಿಷ ಹೀರುವ ಇದ್ದಿಲು) ಹಾಕಿ ದೊಡ್ಡ ಪ್ರಮಾಣದಲ್ಲಿ ನೀರು ಬದಲಿಸಿ.

ಪೊರೆ ಅರ್ಧಕ್ಕೇ ಸಿಕ್ಕಿಕೊಂಡಿದೆ

ನೋಡಲು ಸಂಕಟ, ಆದರೆ ಎಳೆಯಬೇಡಿ. ಒಳಗಿನ ಮೆತ್ತಗಿನ ಕೈ, ಕಿವಿರು ಜೊತೆಗೇ ಕಿತ್ತು ಬರುತ್ತವೆ. ಲೈಟ್ ಆರಿಸಿ, ಗಾಳಿ ಹೆಚ್ಚಿಸಿ, ಬಿಡಿ. ಕೆಲವು ಗಂಟೆಗಳ ನಂತರವೂ ಹಾಗೇ ಇದ್ದರೆ ಉಳಿಯುವುದು ಕಷ್ಟ, ನಾವು ಮಾಡಬಹುದಾದ್ದೂ ಇಲ್ಲ. ಮೆಡಿಕಲ್ ಶಾಪಿನ ಅಯೋಡಿನ್ ಹನಿ ಹಾಕುವ ಸಲಹೆ ಯಾರಾದರೂ ಕೊಟ್ಟೇ ಕೊಡುತ್ತಾರೆ. ಕೇಳಬೇಡಿ.

ಹುಡುಕಬೇಕಾದ್ದು ಮುಂದಿನ ಸಲಕ್ಕೆ ಕಾರಣ. ಚಿಪ್ಪು ಕಟ್ಟಲು ಕ್ಯಾಲ್ಸಿಯಂ ಬೇಕು. ಸಮುದ್ರದ ನೀರಿನಲ್ಲಿ ಅದು ಲೀಟರಿಗೆ 400 ಮಿಲಿಗ್ರಾಂಗಿಂತ ಸ್ವಲ್ಪ ಮೇಲೆ, ಮೆಗ್ನೀಷಿಯಂ 1300ರ ಆಸುಪಾಸು. ನೀರು ಕಲಸಲು ಯಾವ ಉಪ್ಪು ಹಾಕಿದಿರಿ? ಸಾಣಿಕಟ್ಟೆಯ ಹರಳುಪ್ಪು ನಮ್ಮ ಅಡುಗೆಗೆ ಬಹಳ ರುಚಿ. ಅದೂ ಸಮುದ್ರದ್ದೇ ತಾನೆ, ನೀರಿಗೆ ಕಲಸಿದರೆ ಮತ್ತೆ ಸಮುದ್ರ ಆಗಬೇಕಲ್ಲ ಅಂತ ಅನ್ನಿಸುತ್ತದೆ. ಆಗುವುದಿಲ್ಲ. ಉಪ್ಪಿನ ಆಗರದಲ್ಲಿ ನೀರು ಬತ್ತುವಾಗ ಕ್ಯಾಲ್ಸಿಯಂನ ಹೆಚ್ಚಿನ ಪಾಲು ಸುಣ್ಣ, ಜಿಪ್ಸಂ ಆಗಿ ಮೊದಲೇ ತಳ ಸೇರುತ್ತದೆ. ಆಮೇಲೆ ಉಪ್ಪು ಹರಳುಗಟ್ಟುತ್ತದೆ. ಮೆಗ್ನೀಷಿಯಂನ ಬಹುಪಾಲು ಕೊನೆಗೆ ಉಳಿಯುವ ಕಹಿ ನೀರಿನಲ್ಲೇ ಹೊರಟುಹೋಗುತ್ತದೆ. ಕೈಗೆ ಬರುವುದು ಬಹುಮಟ್ಟಿಗೆ ಸೋಡಿಯಂ ಕ್ಲೋರೈಡ್. ರಿಫ್ರಾಕ್ಟೋಮೀಟರ್ 35 ತೋರಿಸುತ್ತದೆ, ಪ್ರಾಣಿಗೆ ಬೇಕಾದ್ದು ಇರುವುದಿಲ್ಲ. ಪ್ಯಾಕೆಟ್‌ನ ಅಯೋಡಿನ್ ಉಪ್ಪಿನದೂ ಇದೇ ಕತೆ.

ಉಪ್ಪು ಸರಿಯಾದದ್ದೇ ಆಗಿದ್ದರೆ ಕ್ಯಾಲ್ಸಿಯಂ, ಮೆಗ್ನೀಷಿಯಂ ಟೆಸ್ಟ್ ಮಾಡಿಸಿ. ಅದೂ ಸರಿಯಿದ್ದರೆ ಊಟ ನೋಡಿ. ಬರಿ ಸುಲಿದ ಮಾಂಸದ ಮೇಲೆ ಬೆಳೆದ ಪ್ರಾಣಿಗೆ ಚಿಪ್ಪಿನ ಸಮೇತ ಏಡಿ, ಶೆಟ್ಲಿ ಶುರು ಮಾಡಿ.

ಚಿಪ್ಪಿನ ಮೇಲೆ ಕಪ್ಪು ಕಲೆ

ಪೀಕಾಕ್ ಮ್ಯಾಂಟಿಸ್‌ನ ಮುಂಭಾಗದ ಪಕ್ಕೆಗಳಲ್ಲಿ ಚಿರತೆಯಂಥ ಚುಕ್ಕೆ ಹುಟ್ಟಿನಿಂದ ಬಂದ ಗುರುತು, ರೋಗ ಅಲ್ಲ. ತಂದ ದಿನವೇ ಒಂದು ಫೋಟೋ ತೆಗೆದಿಟ್ಟರೆ ಈ ಗೊಂದಲ ಇಲ್ಲ. ಹಸಿರು ಪದರ ಕಂಡರೆ ಪಾಚಿ, ಪೊರೆಯ ಜೊತೆ ಹೋಗುತ್ತದೆ.

ಕಂದು-ಕಪ್ಪು ಬಣ್ಣದಲ್ಲಿ, ಅಂಚು ಕೊರೆದ ಹಾಗೆ, ಚಿಪ್ಪು ತಿಂದು ಹಳ್ಳ ಬಿದ್ದಿದ್ದರೆ ಅದು ಚಿಪ್ಪು ಕೊಳೆ. ಚಿಪ್ಪನ್ನು ಕರಗಿಸುವ ಬ್ಯಾಕ್ಟೀರಿಯಾದ ಕೆಲಸ. ಕೊಳಕು ನೀರು, ಗಾಯ, ಹರಿವಿಲ್ಲದ ಬಿಲ ಇದ್ದಲ್ಲಿ ಬರುತ್ತದೆ. ನೈಟ್ರೇಟ್ ಅಳೆದು ವಾರಕ್ಕೆರಡು ಸಲ ಸ್ವಲ್ಪ ಸ್ವಲ್ಪ ನೀರು ಬದಲಿಸಿ. ಹವಳಕ್ಕೆ ಹಾಕುವಂಥ ಉರಿಬೆಳಕು ಇದಕ್ಕೆ ಬೇಡ, ತಗ್ಗಿಸಿ. ಬಿಲಕ್ಕೆ ಎರಡು ಬಾಯಿ ಇರುವಂತೆ ಪಿವಿಸಿ ಪೈಪನ್ನು ಬಾಗು ಕೊಟ್ಟು ಜೋಡಿಸಿ. ಉದ್ದ ಪ್ರಾಣಿಯ ಎರಡರಷ್ಟಾದರೂ ಇರಲಿ, ಒಳಗೆ ಮಗುಚಿ ತಿರುಗುವಷ್ಟು ಅಗಲ ಇರಲಿ. ದೊಡ್ಡ ಪೀಕಾಕ್‌ಗೆ ಎರಡಿಂಚಿನ ಪೈಪ್ ಆಗುತ್ತದೆ. ಕಲೆ ಮೇಲುಮೇಲೆ ಇದ್ದರೆ ಮುಂದಿನ ಪೊರೆಯ ಜೊತೆ ಕಳಚಿಹೋಗುತ್ತದೆ. ಕೀಲುಗಳಿಗೆ, ಬಾಲದ ಬುಡಕ್ಕೆ ಇಳಿದಿದ್ದರೆ ಪೊರೆ ಅಲ್ಲೇ ಅಂಟುವ ಭಯ ಇದೆ. ಈ ಹಂತದಲ್ಲಿ ಫೋಟೋ ಮತ್ತು ನೀರಿನ ಅಳತೆ ಹಿಡಿದುಕೊಂಡು ತಿಳಿದವರ ಹತ್ತಿರ ಹೋಗಿ. ಜಲಚರ ನೋಡುವ ಪಶುವೈದ್ಯರು ಸಿಕ್ಕರೆ ಒಳ್ಳೆಯದು. ಕಾರವಾರದಲ್ಲೇ ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಕೇಂದ್ರ ಇದೆ, ಕೋಡಿಬಾಗದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಕಡಲ ಜೀವಶಾಸ್ತ್ರ ವಿಭಾಗ ಇದೆ. ಏಡಿ, ಶೆಟ್ಲಿ ವಂಶದ ಪ್ರಾಣಿಗಳನ್ನು ಬಲ್ಲವರು ಅಲ್ಲಿ ಇರುತ್ತಾರೆ. ಅಂದಾಜಿನ ಮೇಲೆ ಆ್ಯಂಟಿಬಯೋಟಿಕ್ ಹಾಕಿದರೆ ಫಿಲ್ಟರಿನ ಒಳ್ಳೆಯ ಬ್ಯಾಕ್ಟೀರಿಯಾ ಸತ್ತು ಅಮೋನಿಯಾದ ತಲೆನೋವು ಹೊಸದಾಗಿ ಸೇರುತ್ತದೆ.

ಗುದ್ದುವ ಕೈ ಒಂದು ಉದುರಿದೆ

ಭಯ ಬೇಡ. ಮುಂದಿನ ಪೊರೆಗೆ ಸಣ್ಣದಾಗಿ, ಆಮೇಲಿನ ಪೊರೆಗಳಲ್ಲಿ ಪೂರ್ತಿಯಾಗಿ ಮತ್ತೆ ಬರುತ್ತದೆ. ಅಲ್ಲಿಯ ತನಕ ಬಳಚಿನ ಚಿಪ್ಪು ತೆರೆದು ಕೊಡಿ.

ಬಲೆಯಿಂದ ತಂದದ್ದು ಎರಡೇ ದಿನಕ್ಕೆ ಸಾಯುತ್ತದೆ

ಕಾರವಾರದ ಬೈತಖೋಲ ಬಂದರಿನಲ್ಲಿ ಟ್ರಾಲ್ ಬೋಟು ಖಾಲಿಯಾಗುವಾಗ ಕಸದ ರಾಶಿಯಲ್ಲಿ ಬೂದು ಬಣ್ಣದ ಮ್ಯಾಂಟಿಸ್ ಬುಟ್ಟಿಗಟ್ಟಲೆ ಸಿಗುತ್ತವೆ. ಮಿಯಾಕೆಲ್ಲಾ ನೆಪಾ (ಹಳೆಯ ಹೆಸರು ಒರಾಟೊಸ್ಕ್ವಿಲ್ಲಾ ನೆಪಾ) ನಮ್ಮ ಕರಾವಳಿಯಲ್ಲಿ ಸಾಮಾನ್ಯ. ಅದು ಚುಚ್ಚುವ ಬಗೆಯದು, ಕೆಸರು ತಳದಲ್ಲಿ ಬಿಲ ತೋಡಿ ಬದುಕುವಂಥದ್ದು. ಬಲೆಯ ಚೀಲದಲ್ಲಿ ಮಣಗಟ್ಟಲೆ ಮೀನಿನ ಅಡಿ ಅಮುಕಿ, ಆಮೇಲೆ ಬಿಸಿಲಿನ ಡೆಕ್ ಮೇಲೆ ಬಿದ್ದದ್ದು. ಕಾಲು ಆಡಿಸುತ್ತಿದ್ದರೂ ಒಳಗೆ ಜಜ್ಜಿಹೋಗಿರುತ್ತದೆ. ಕಲ್ಲು, ಪೈಪ್ ಇಟ್ಟ ಟ್ಯಾಂಕ್ ಅದಕ್ಕೆ ಮನೆಯೂ ಅಲ್ಲ. ನಿಮ್ಮ ಟ್ಯಾಂಕಿನಲ್ಲಿ ದೋಷ ಹುಡುಕಬೇಡಿ. ತರದೇ ಇರುವುದು ಉತ್ತಮ.

ಅಂಗಡಿಯಿಂದ ತಂದದ್ದು ಬೇಗ ಸತ್ತರೆ ಮಾತು ಬೇರೆ. ಚೀಲದ ನೀರಿನ ಉಪ್ಪಿಗೂ ನಿಮ್ಮ ನೀರಿಗೂ ವ್ಯತ್ಯಾಸ ಎಷ್ಟಿತ್ತು ಅಂತ ನೋಡಿ. ಸಣ್ಣ ಪೈಪಿನಿಂದ ಹನಿಹನಿಯಾಗಿ ಒಂದೆರಡು ಗಂಟೆ ನಿಮ್ಮ ನೀರು ಸೇರಿಸಿ ಒಗ್ಗಿಸಿದ ಮೇಲೆ ಬಿಡಬೇಕು.

ಮ್ಯಾಂಟಿಸ್ ತಂದೇ ಇಲ್ಲ, ಆದರೂ ರಾತ್ರಿ ಟಕ್ ಟಕ್ ಸದ್ದು

ಲೈವ್ ರಾಕ್ (ಜೀವಿಗಳು ಅಂಟಿಕೊಂಡಿರುವ ಸಮುದ್ರದ ಕಲ್ಲು) ಜೊತೆ ಬಂದ ಅತಿಥಿ. ತಳದಲ್ಲಿ ಒಡೆದ ಬಸವನಹುಳುವಿನ ಚಿಪ್ಪು ಚೂರು ಬಿದ್ದಿದ್ದರೆ ಗುದ್ದುವ ಮ್ಯಾಂಟಿಸ್. ಸದ್ದು ಇದೆ, ಚಿಪ್ಪು ಒಡೆದಿಲ್ಲ ಅಂದರೆ ಪಿಸ್ತೂಲ್ ಶೆಟ್ಲಿ ಇರಬಹುದು, ಅದಕ್ಕೆ ಒಂದು ಕೊಂಡಿ ಮಾತ್ರ ದೊಡ್ಡದು, ಹೆಚ್ಚಿನ ಟ್ಯಾಂಕಿಗೆ ಅಪಾಯ ಇಲ್ಲ. ಸದ್ದು ಬರುವ ಕಲ್ಲನ್ನು ಗುರುತಿಸಿ, ದಪ್ಪ ಕೈಗವಸು ಹಾಕಿ ಹೊರಗೆ ಬಕೆಟ್ ಮೇಲೆ ಹಿಡಿದು, ತೂತಿಗೆ ಸಿರಿಂಜ್‌ನಲ್ಲಿ ಸಾದಾ ಸೋಡಾ ಬಿಡಿ. ಉಸಿರಿಗೆ ಹೊರಗೆ ಬರುತ್ತದೆ. ನಿಂಬೆ ಹಿಂಡಿದ ಸೋಡಾ ಅಲ್ಲ, ಅದು ನಿಮಗೆ.

ಎಷ್ಟೇ ತಾಳ್ಮೆ ತಪ್ಪಿದರೂ ಆ ಕಲ್ಲನ್ನು ಕುದಿಸಬೇಡಿ. ಕಲ್ಲಿನ ಮೇಲಿನ ಅಂಗಿಯ ಗುಂಡಿಯಂಥ ಕೆಲವು ಜೀವಿಗಳಲ್ಲಿ ಪ್ಯಾಲಿಟಾಕ್ಸಿನ್ ಎಂಬ ಘೋರ ವಿಷ ಇರುತ್ತದೆ, ಕುದಿಸಿದ ಆವಿಯಿಂದ ಮನೆಯವರೆಲ್ಲ ಆಸ್ಪತ್ರೆ ಸೇರುವ ಹಾಗಾಗುತ್ತದೆ. ಇನ್ನು ಲೈವ್ ರಾಕಿಗೆ ಅಂತ ನೇತ್ರಾಣಿ ದ್ವೀಪದ ಹವಳಕ್ಕೆ ಕೈ ಹಾಕುವ ಯೋಚನೆ ಬೇಡ. 1972ರ ವನ್ಯಜೀವಿ ಕಾಯ್ದೆ ಹವಳಕ್ಕೆ ಹುಲಿಯ ಮಟ್ಟದ ರಕ್ಷಣೆ ಕೊಟ್ಟಿದೆ. ಒಣ ಕಲ್ಲು ಸಾಕು. ಅಂಗಳದ ಚಿರೇಕಲ್ಲು ಮಾತ್ರ ಬೇಡ, ಕಬ್ಬಿಣ ಬಿಡುತ್ತದೆ.

ಗಾಜಿನಲ್ಲಿ ಚುಕ್ಕೆ, ಗೀರು, ಬಿರುಕು

2004ರಲ್ಲಿ ಅಳೆದ ಪ್ರಕಾರ ಪೀಕಾಕ್‌ನ ಹೊಡೆತದ ವೇಗ ಸೆಕೆಂಡಿಗೆ 23 ಮೀಟರ್ ತನಕ ಹೋಗುತ್ತದೆ. ಕೈ ತಗುಲಿದ ಏಟಿನ ಬೆನ್ನಿಗೇ ನೀರಲ್ಲಿ ಗುಳ್ಳೆ ಹುಟ್ಟಿ ಒಡೆದು ಇನ್ನೊಂದು ಏಟು ಬೀಳುತ್ತದೆ. ಆದರೂ ಟ್ಯಾಂಕ್ ಒಡೆಯುವುದು ಬಹಳ ಅಪರೂಪ. ಹೆಚ್ಚಾಗಿ ಕಾಣುವುದು ಉಗುರಿನಷ್ಟು ಚೂರು ಎದ್ದ ಗುರುತು, ಅದೂ ತಳದಲ್ಲಿ. ಬಿಲ ತೋಡುತ್ತಾ ತೋಡುತ್ತಾ ತಳದ ಗಾಜಿಗೆ ಬಂದು ಅಲ್ಲಿ ಗುದ್ದಿರುತ್ತದೆ.

ಬೆರಳುಗುರು ಎಳೆದು ನೋಡಿ. ಉಗುರಿಗೆ ಸಿಗದ ಗೀರು ಬಿಟ್ಟುಬಿಡಿ. ಸಣ್ಣ ಹಳ್ಳ ಇದ್ದರೆ ಮಾರ್ಕರಿನಿಂದ ಹೊರಗೆ ಗುರುತು ಹಾಕಿ ಬೆಳೆಯುತ್ತಿದೆಯಾ ಅಂತ ದಿನಾ ನೋಡಿ, ತಳಕ್ಕೆ ಅಕ್ರಿಲಿಕ್ ಹಾಳೆ ಹಾಸುವ ತಯಾರಿ ಮಾಡಿ. ಕಿರಣ ಬಿಟ್ಟ ಬಿರುಕು ಕಂಡರೆ ಕಾಯಬೇಡಿ. ಅರ್ಧ ನೀರು ಇಳಿಸಿ ಪ್ರಾಣಿಯನ್ನು ಟಬ್ಬಿಗೆ ಸಾಗಿಸಿ. ಸಿಲಿಕೋನ್ ಮೆತ್ತಿ ಮುಂದುವರಿಸುವ ಕೆಲಸ ಇದಲ್ಲ.

ನೀರು ಮುಟ್ಟಿದರೆ ಜುಮ್ ಅನ್ನುತ್ತದೆ

ಗಾಜಿನ ಹೀಟರನ್ನು ಗುದ್ದಿ ಒಡೆದಿದೆ, ಇಲ್ಲವೇ ಪಂಪಿನ ವೈರ್ ಸೀಳಿದೆ. ಮತ್ತೊಮ್ಮೆ ಮುಟ್ಟಿ ನೋಡಬೇಡಿ. ಮೇನ್ ಆರಿಸಿ, ಆಮೇಲೆ ಒಂದೊಂದೇ ಪ್ಲಗ್ ಕೀಳಿ. ಸಂದು ಸಂದಿನಲ್ಲಿ ಬಿಳಿ ಉಪ್ಪು ಕಟ್ಟಿದ ಪ್ಲಗ್, ಎಕ್ಸ್‌ಟೆನ್ಶನ್ ಬೋರ್ಡ್ ಇದ್ದರೆ ಅವನ್ನೂ ತೆಗೆದುಹಾಕಿ. 30 ಮಿಲಿಆಂಪಿಯರ್‌ನ ಆರ್‌ಸಿಸಿಬಿಯೂ (ಕರೆಂಟ್ ಸೋರಿದರೆ ತಾನಾಗಿ ಆರುವ ಸ್ವಿಚ್) ಸರಿಯಾದ ಅರ್ಥಿಂಗೂ ಇಲ್ಲದ ಮನೆಯಲ್ಲಿ ಉಪ್ಪು ನೀರಿನ ಟ್ಯಾಂಕ್ ಇಡಲೇಬಾರದು. ಎಲೆಕ್ಟ್ರಿಷಿಯನ್ ನೋಡಿ ಹೇಳುವ ತನಕ ಬ್ಯಾಟರಿ ಪಂಪ್ ಮೇಲೆ ನಡೆಸಿ. ಮುಂದೆ ಹೀಟರನ್ನು ಪ್ರಾಣಿಗೆ ಸಿಗದ ಕಡೆ, ಸಂಪಿನಲ್ಲಿ (ಟ್ಯಾಂಕಿನ ಕೆಳಗಿನ ಫಿಲ್ಟರ್ ತೊಟ್ಟಿ) ಅಥವಾ ಪ್ಲಾಸ್ಟಿಕ್ ಗೂಡಿನೊಳಗೆ ಇಡಿ.

ಕೈಗೇ ಹೊಡೆದಿದೆ

ನಲ್ಲಿ ನೀರು, ಸಾಬೂನಿನಲ್ಲಿ ಚೆನ್ನಾಗಿ ತೊಳೆದು, ಶುದ್ಧ ಬಟ್ಟೆಯಿಂದ ಒತ್ತಿ ರಕ್ತ ನಿಲ್ಲಿಸಿ. ಆಳದ ಗಾಯ, ಒಳಗೆ ಚೂರು ಸಿಕ್ಕ ಅನುಮಾನ, ಬೆರಳು ಮಡಚಲು ಆಗದಿರುವುದು ಇದ್ದರೆ ಅವತ್ತೇ ಡಾಕ್ಟರ ಹತ್ತಿರ ಹೋಗಿ, ಟಿಟಿ ಇಂಜೆಕ್ಷನ್ ಬಗ್ಗೆಯೂ ಕೇಳಿ. ಸಕ್ಕರೆ ಕಾಯಿಲೆ, ಲಿವರ್ ತೊಂದರೆ ಇದ್ದವರು ಗಾಯ ಸಣ್ಣದಿದ್ದರೂ ತೋರಿಸಬೇಕು. ಉಪ್ಪು ನೀರಿನ ವಿಬ್ರಿಯೊ ಬ್ಯಾಕ್ಟೀರಿಯಾ ಅಂಥವರಲ್ಲಿ ಗಂಟೆಗಳಲ್ಲಿ ಏರುತ್ತದೆ. ಕೆಂಪು ಹರಡುವುದು, ಜ್ವರ, ವಿಪರೀತ ನೋವು ಬಂದರೆ ರಾತ್ರಿಯಾದರೂ ಆಸ್ಪತ್ರೆಗೆ ಹೊರಡಿ. ಇನ್ನೊಂದು ನಿಧಾನದ್ದು: ವಾರಗಳು ಕಳೆದ ಮೇಲೆ ಗಾಯದ ಜಾಗದಲ್ಲಿ ಮಾಯದ ಗಂಟು ಏಳುತ್ತದೆ. ಮೈಕೋಬ್ಯಾಕ್ಟೀರಿಯಂ ಮರೈನಂ ಎಂಬ ಸೋಂಕು ಹಾಗೆ ಬರುತ್ತದೆ, ಮಾಮೂಲಿ ಮುಲಾಮಿಗೆ ಬಗ್ಗುವುದಿಲ್ಲ. ಎರಡೂ ಸಂದರ್ಭದಲ್ಲಿ "ಸಮುದ್ರದ ನೀರಿನ ಅಕ್ವೇರಿಯಂನಲ್ಲಿ ಆದ ಗಾಯ" ಅಂತ ಡಾಕ್ಟರಿಗೆ ನೀವಾಗಿಯೇ ಹೇಳಿ. ಕೊಡುವ ಔಷಧಿಯೇ ಬೇರೆ ಆಗುತ್ತದೆ.